ಬೆಲ್ಲಕ್ಕೊಂದು ಜೊತೆ: ಎರಡನೇ ಶುಗರ್ ಗ್ಲೈಡರ್ ಮನೆಗೆ ತರುವ ಮುನ್ನ

ನಮ್ಮ ಮನೆಯಲ್ಲಿ ಬೆಲ್ಲ ಅಂತ ಒಂದು ಪ್ರಾಣಿ ಇದೆ. ತೂಕ 120 ಗ್ರಾಂ. ಅಂಗೈಯಲ್ಲಿ ಕೂರುತ್ತದೆ. ಬೂದು ಮೈ, ಹಣೆಯಿಂದ ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ, ಮುಖದ ತುಂಬ ಕಣ್ಣು. ಮನೆಗೆ ಬಂದವರೆಲ್ಲ "ಅಳಿಲೇನ್ರೀ?" ಅಂತಲೇ ಕೇಳುತ್ತಾರೆ. ಅಳಿಲಲ್ಲ, ಶುಗರ್ ಗ್ಲೈಡರ್. ಕಾಂಗರೂ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ ಬಳಗದ್ದು. ತವರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಮುಂಗಾಲಿನಿಂದ ಹಿಂಗಾಲಿನ ತನಕ ಚರ್ಮದ ಪರದೆ ಇದೆ. ಅದನ್ನು ಬಿಚ್ಚಿಕೊಂಡು ಕಾಡಿನಲ್ಲಿ ಮರದಿಂದ ಮರಕ್ಕೆ 50 ಮೀಟರ್ ತನಕ ತೇಲಿ ಹೋಗಬಲ್ಲದು. ನಮ್ಮನೆಯಲ್ಲಿ ಕಪಾಟಿನಿಂದ ನನ್ನ ತಲೆಗೆ ತೇಲುತ್ತದೆ, ಅಷ್ಟೇ.

ತರುವಾಗ ಒಂದನ್ನೇ ತಂದಿದ್ದೆ. ಮಾರಿದವರು "ಒಂದೇ ಇದ್ದರೆ ನಿಮಗೆ ಅಂಟಿಕೊಳ್ಳುತ್ತದೆ, ಎರಡಾದರೆ ನಿಮ್ಮನ್ನು ಕ್ಯಾರೇ ಅನ್ನಲ್ಲ" ಅಂದಿದ್ದರು. ನಾನು ನಂಬಿದೆ. ಈಗ ಕಲಬುರಗಿಯಲ್ಲೇ ಇಬ್ಬರು ಮೂವರು ನನ್ನ ಹಾಗೇ ಒಂಟಿ ಗ್ಲೈಡರ್ ಇಟ್ಟುಕೊಂಡು "ಇನ್ನೊಂದು ತರಬೇಕಾ? ತಂದರೆ ಹೇಗೆ ಸೇರಿಸೋದು?" ಅಂತ ಫೋನ್ ಮಾಡುತ್ತಿರುತ್ತಾರೆ. ಪ್ರತಿ ಸಲ ಅರ್ಧ ಗಂಟೆ ಮಾತಾಡುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಒಂಟಿ ಇದ್ದರೆ ಏನಾಗುತ್ತದೆ

ಕಾಡಿನಲ್ಲಿ ಇವು ಮರದ ಪೊಟರೆಯಲ್ಲಿ ಗುಂಪಾಗಿ ಇರುತ್ತವೆ. ಒಂದು ಗುಂಪಿನಲ್ಲಿ ಏಳರ ತನಕ ದೊಡ್ಡವು, ಜೊತೆಗೆ ಆ ವರ್ಷದ ಮರಿಗಳು. ಹಗಲೆಲ್ಲ ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ. ಚಳಿಗಾಲದಲ್ಲಿ ಒಂದರ ಮೈಬಿಸಿ ಇನ್ನೊಂದಕ್ಕೆ. ರಾತ್ರಿ ಎದ್ದರೆ ಒಂದರ ಮೈ ಇನ್ನೊಂದು ನೆಕ್ಕಿ ಬಾಚುತ್ತದೆ. ಎಲ್ಲಿದ್ದೀಯ ಅಂತ ಕೂಗಿ ಕೇಳುತ್ತದೆ. ಉತ್ತರ ಬರುತ್ತದೆ.

ನಮ್ಮನೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ನಾನು ಸಂಜೆ ಎರಡು ತಾಸು ಆಡಿಸುತ್ತಿದ್ದೆ. ಅದರ ದಿನ ಶುರುವಾಗುವ ಹೊತ್ತಿಗೆ ನನಗೆ ಆಕಳಿಕೆ. ವರ್ಷ ತುಂಬುವ ಹೊತ್ತಿಗೆ ಬೆಲ್ಲ ನಡುರಾತ್ರಿ ಬೊಗಳಲು ಶುರು ಮಾಡಿತು. ನಿಜಕ್ಕೂ ಬೊಗಳುವುದೇ, ಸಣ್ಣ ನಾಯಿಮರಿಯ ಹಾಗೆ ಒಂದೇ ಸಮನೆ ಯಪ್ ಯಪ್ ಅಂತ. ಪಕ್ಕದ ಮನೆಯ ಕಾಕಾ "ನಾಯಿ ತಂದೀರೇನು?" ಅಂತ ಕೇಳಿದರು. ಆಮೇಲೆ ಬಾಲದ ಬುಡದಲ್ಲಿ ಕೂದಲು ಹೋಗತೊಡಗಿತು. ನಾನು ಹುಳುಕಡ್ಡಿ ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಶುದ್ಧ ದಡ್ಡತನ. ಡಾಕ್ಟರಿಗೆ ತೋರಿಸಿದಾಗ ಚರ್ಮದಲ್ಲಿ ಹುಳವೂ ಇಲ್ಲ, ಏನೂ ಇಲ್ಲ. ಅದೇ ತನ್ನ ಕೂದಲು ಕಿತ್ತುಕೊಳ್ಳುತ್ತಿತ್ತು.

ಒಂಟಿ ಗ್ಲೈಡರ್‌ಗಳಲ್ಲಿ ಇದು ಗೊತ್ತಿರುವ ತೊಂದರೆ. ಕೂದಲಿಗೇ ನಿಂತರೆ ಪುಣ್ಯ. ಕೆಲವು ಬಾಲ, ಕಾಲು ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತವೆ. ಹಾಗಂತ ಕೂದಲು ಉದುರಿದ ಕೂಡಲೇ ಇನ್ನೊಂದು ತರಲು ಓಡಬೇಡಿ. ಹೊಟ್ಟೆಹುಳ, ಊಟದ ಕೊರತೆ, ಒಳಗಿನ ನೋವು, ಯಾವುದಕ್ಕೂ ಹೀಗಾಗಬಹುದು. ಮೊದಲು ಡಾಕ್ಟರು, ಆಮೇಲೆ ಜೊತೆ.

ಇನ್ನು ಆ "ನಿಮ್ಮನ್ನು ಕ್ಯಾರೇ ಅನ್ನಲ್ಲ" ಅನ್ನುವ ಮಾತು. ಅದು ಸುಳ್ಳು. ಈಗ ಎರಡು ಇವೆ, ಎರಡೂ ನನ್ನ ಜೇಬಿನಲ್ಲೇ ಮಲಗುತ್ತವೆ. ಜೊತೆ ಇರುವ ಪ್ರಾಣಿಗೆ ಹೆದರಿಕೆ ಕಡಿಮೆ. ಹೆದರಿಕೆ ಕಡಿಮೆ ಇದ್ದರೆ ಮನುಷ್ಯನ ಹತ್ತಿರ ಬರುವುದೂ ಜಾಸ್ತಿ.

ನಾನು ಮಾಡಿದ ತಪ್ಪು

ಶೇಂಗಾ ಬಂದದ್ದು ಏಪ್ರಿಲ್‌ನಲ್ಲಿ. ಹೆಸರು ನಮ್ಮ ಅವ್ವನದು. ಬೆಲ್ಲ ಇದ್ದ ಮೇಲೆ ಶೇಂಗಾ ಇರಲೇಬೇಕಲ್ಲ ಅಂದಳು. ಕೊಟ್ಟವರು "ಒಂದೇ ಪಂಜರಕ್ಕೆ ಬಿಡಿ, ಎರಡು ದಿನ ಕಚ್ಚಾಡಿ ತಾವೇ ಹೊಂದಿಕೊಳ್ಳುತ್ತವೆ" ಅಂದರು. ಮೂರನೇ ದಿನ ಸಂಜೆ ಬೆಲ್ಲದ ಪಂಜರದ ಬಾಗಿಲು ತೆಗೆದು ಶೇಂಗಾಳನ್ನು ಒಳಗೆ ಬಿಟ್ಟೆ.

ಎರಡು ಸೆಕೆಂಡು ಮೌನ. ಆಮೇಲೆ ಎರಡೂ ಒಂದೇ ಉಂಡೆಯಾಗಿ ಉರುಳಾಡಿದವು. ಯಾವುದು ಯಾವುದು ಅಂತ ತಿಳಿಯಲಿಲ್ಲ. ಕೈ ಹಾಕಿದೆ. ನನ್ನ ಹೆಬ್ಬೆರಳಿಗೆ ಹಲ್ಲು ಇಳಿಯಿತು. ಬಿಡಿಸುವ ಹೊತ್ತಿಗೆ ಶೇಂಗಾಳ ಎಡಕಿವಿ ಹರಿದಿತ್ತು. ಆ ಕಿವಿಯ ಅಂಚಿನಲ್ಲಿ ಇವತ್ತಿಗೂ ಒಂದು ಕಚ್ಚು ಇದೆ.

ಎಲ್ಲಿ ತಪ್ಪಿದೆ ಅಂತ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ನಾನು ಎರಡು ಪ್ರಾಣಿಗಳನ್ನು ಸೇರಿಸಲು ಹೊರಟಿದ್ದೆ. ಸೇರಿಸಬೇಕಿದ್ದದ್ದು ಎರಡು ವಾಸನೆಗಳನ್ನು.

ಮೂಗಿನ ಲೆಕ್ಕ

ನಾವು ಮುಖ ನೋಡಿ ಗುರುತು ಹಿಡಿಯುತ್ತೇವೆ. ಗ್ಲೈಡರ್ ಮೂಗಿನಿಂದ ಗುರುತು ಹಿಡಿಯುತ್ತದೆ. ಗಂಡಿಗೆ ಹಣೆಯ ಮೇಲೆ, ಎದೆಯ ಮೇಲೆ, ಬಾಲದ ಬುಡದ ಕೆಳಗೆ ವಾಸನೆಯ ಗ್ರಂಥಿಗಳಿವೆ. ಬೀಜ ತೆಗೆಸದ ಗಂಡಿನ ನೆತ್ತಿ ಬೋಳಾಗಿ ಕಾಣುತ್ತದೆ ನೋಡಿ, ಅದು ರೋಗವಲ್ಲ. ಗ್ರಂಥಿ ಇರುವ ಜಾಗ. ಹೆಣ್ಣಿಗೆ ಹಿಂಭಾಗದಲ್ಲಿ ಮತ್ತು ಹೊಟ್ಟೆಯ ಚೀಲದಲ್ಲಿ ಇವೆ.

ಗುಂಪಿನ ಯಜಮಾನ ಗಂಡು ತನ್ನ ಹಣೆಯನ್ನು ಉಳಿದವುಗಳ ಎದೆಗೆ ಉಜ್ಜುತ್ತದೆ. ಅವೂ ವಾಪಸ್ ಉಜ್ಜುತ್ತವೆ. ದಿನಾ ಹೀಗೆ ಉಜ್ಜಿ ಉಜ್ಜಿ ಇಡೀ ಗುಂಪಿಗೆ ಒಂದೇ ವಾಸನೆ ಬರುತ್ತದೆ. ಅದೇ ಅವುಗಳ ಮನೆತನದ ಹೆಸರು. ಶುಲ್ಟ್ಸೆ-ವೆಸ್ಟ್ರುಮ್ ಎಂಬ ಜರ್ಮನ್ ವಿಜ್ಞಾನಿ ಪಪುವಾದ ಗ್ಲೈಡರ್‌ಗಳ ಈ ವಾಸನೆಯ ಮಾತುಕತೆಯ ಬಗ್ಗೆ 1960ರ ದಶಕದಲ್ಲೇ ಬರೆದಿದ್ದಾರೆ. ಆ ವಾಸನೆ ಇಲ್ಲದೆ ಯಾವುದೇ ಗ್ಲೈಡರ್ ಒಳಗೆ ಬಂದರೆ ಅದು ಕಳ್ಳ. ಕಳ್ಳನಿಗೆ ಏನು ಮಾಡುತ್ತಾರೋ ಅದನ್ನೇ ಮಾಡುತ್ತವೆ.

ಈಗ ನನ್ನ ಮೂರನೇ ದಿನದ ಸಂಜೆಯನ್ನು ಬೆಲ್ಲದ ಮೂಗಿನಿಂದ ನೋಡಿ. ವರ್ಷದಿಂದ ತನ್ನೊಬ್ಬನದೇ ವಾಸನೆ ತುಂಬಿದ ಪಂಜರ. ಅದರ ಮಲಗುವ ಜೋಳಿಗೆ, ಅದರ ಬಟ್ಟಲು. ಅಲ್ಲಿಗೆ ಇದ್ದಕ್ಕಿದ್ದ ಹಾಗೆ ಬೇರೆ ಊರಿನ ಬೇರೆ ವಾಸನೆ. ಕಚ್ಚದೆ ಇನ್ನೇನು ಮಾಡೀತು?

ಇಷ್ಟು ತಿಳಿದರೆ ಮುಂದಿನದೆಲ್ಲ ಸುಲಭ. ಕಷ್ಟ ಇರುವುದು ಪುರುಸೊತ್ತಿನಲ್ಲಿ. ಹಾಲಿಗೆ ಹೆಪ್ಪು ಹಾಕಿ ಪಾತ್ರೆ ಅಲುಗಾಡಿಸುತ್ತಾ ಕೂತರೆ ಮೊಸರಾಗುತ್ತದೆಯೇ? ಇದೂ ಹಾಗೇ.

ಯಾವುದನ್ನು ತರಬೇಕು

ಬೀಜ ತೆಗೆಸಿದ ಗಂಡು ಮತ್ತು ಹೆಣ್ಣು. ನನ್ನ ಪ್ರಕಾರ ಇದರಷ್ಟು ತಲೆನೋವಿಲ್ಲದ ಜೋಡಿ ಇನ್ನೊಂದಿಲ್ಲ. ಬೀಜ ತೆಗೆಸದ ಎರಡು ಗಂಡು ಯಜಮಾನಿಕೆಗೆ ಗುದ್ದಾಡುತ್ತವೆ. ಎರಡಕ್ಕೂ ಆಪರೇಷನ್ ಆಗಿದ್ದರೆ ಹೆಚ್ಚಾಗಿ ಹೊಂದಿಕೊಳ್ಳುತ್ತವೆ. ಎರಡು ಹೆಣ್ಣು ಸಾಧು ಅಂದುಕೊಳ್ಳುತ್ತೇವೆ, ಆದರೆ ಹೆಣ್ಣುಗಳೂ ಜೋರಾಗಿಯೇ ಜಗಳಾಡುತ್ತವೆ.

ಆಪರೇಷನ್ ಇಲ್ಲದೆ ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಬಸಿರು ಬರೀ 16 ದಿನ. ಹುಟ್ಟುವಾಗ ಮರಿ ಅಕ್ಕಿ ಕಾಳಿನಷ್ಟು, 0.2 ಗ್ರಾಂ. ತಾನೇ ತೆವಳಿಕೊಂಡು ಚೀಲ ಸೇರುತ್ತದೆ. ಅಲ್ಲಿ ಸುಮಾರು 70 ದಿನ ಇದ್ದು ಆಮೇಲೆ ಹೊರಗೆ ಬರುತ್ತದೆ. ಹಾಗಾಗಿ ನಿಮಗೆ ಗೊತ್ತಾಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಒಂದೇ ಕಡೆಯಿಂದ ತಂದ ಜೋಡಿ ಅಣ್ಣ ತಂಗಿಯೂ ಆಗಿರಬಹುದು. ಆ ಮರಿಗಳನ್ನು ಯಾರಿಗೆ ಕೊಡುತ್ತೀರಿ?

ಬೆಲ್ಲಕ್ಕೆ ಆಪರೇಷನ್ ಮಾಡಿಸಲು ಹೈದರಾಬಾದ್‌ಗೆ ಹೋದೆವು. ಎತ್ತಿಗೆ ಬೀಜ ಒಡೆಯುವ ಹಾಗೆ ಅಲ್ಲ ಇದು. ಇಷ್ಟು ಚಿಕ್ಕ ಪ್ರಾಣಿಗೆ ಗ್ಯಾಸ್ ಕೊಟ್ಟು ಪ್ರಜ್ಞೆ ತಪ್ಪಿಸಬೇಕು. ಹೊಲಿಗೆ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ಆ ಮೂರು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆಪರೇಷನ್ ಆದ ಮೇಲೂ ಕೆಲವು ವಾರ ಗಂಡಿನ ಮೈಯಲ್ಲಿ ವೀರ್ಯ ಉಳಿದಿರುತ್ತದೆ. ಆ ತನಕ ಹೆಣ್ಣಿನ ಜೊತೆ ಬಿಡುವ ಹಾಗಿಲ್ಲ.

ವಯಸ್ಸಿನ ಮಾತು. ಮುದ್ದು ಮುದ್ದಾದ ಪುಟ್ಟ ಮರಿ ತೋರಿಸಿ ಮಾರುತ್ತಾರೆ. ಚೀಲದಿಂದ ಹೊರಬಂದು ಎಂಟು ವಾರ ಆಗುವ ಮುಂಚೆ ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು. ಅಂಥ ಮರಿಯನ್ನು ದೊಡ್ಡ ಗಂಡಿನ ಮುಂದೆ ಬಿಟ್ಟರೆ ಅದು ಕೊಂದೇ ಹಾಕಬಹುದು. ಚೀಲದಿಂದ ಹೊರಬಂದು ಮೂರು ತಿಂಗಳಾದರೂ ಆಗಿರಲಿ. ದೊಡ್ಡದನ್ನೇ ತಂದರೂ ನಷ್ಟವಿಲ್ಲ. ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ ಇದು.

ತರುವಾಗ ಬಿಲ್ ಕೇಳಿ. ಗ್ಲೈಡರ್ ಅಂತ ಹೇಳಿ ನಮ್ಮ ಕಾಡಿನ ಹಾರುಬೆಕ್ಕಿನ, ಅಂದರೆ ಹಾರುವ ಅಳಿಲಿನ, ಮರಿಯನ್ನು ಕೊಡಲು ಬಂದರೆ ಮುಟ್ಟಬೇಡಿ. ಅದು ನಮ್ಮ ವನ್ಯಜೀವಿ. 1972ರ ಕಾಯ್ದೆಯ ಪ್ರಕಾರ ಸಾಕುವುದು ಅಪರಾಧ. ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸುತ್ತೇವೆ ಅನ್ನುವವರಿಗೂ ಬೇಡ ಅನ್ನಿ. ಮೇ ತಿಂಗಳಲ್ಲಿ ಡಿಕ್ಕಿಯೊಳಗೆ ಏನಾಗುತ್ತದೆ ಅಂತ ಕಲಬುರಗಿಯವರಿಗೆ ಬೇರೆ ಹೇಳಬೇಕಾ?

ಮೊದಲ 30 ದಿನ

ಹೊಸದನ್ನು ತಂದ ಕೂಡಲೇ ಬೇರೆ ಕೋಣೆ. 30 ದಿನ. ಒಂದೇ ಗೋಡೆಯ ಆಚೆ ಈಚೆ ಇದ್ದರೂ ನಡೆಯುತ್ತದೆ, ಒಂದೇ ಕೋಣೆ ಬೇಡ. ಯಾಕೆಂದರೆ ಹೊಟ್ಟೆಹುಳ, ಜಿಯಾರ್ಡಿಯಾ ತರದ ಸೋಂಕು ಹೊರಗೆ ಕಾಣುವುದಿಲ್ಲ. ಹಳೆಯದಕ್ಕೆ ಮೊದಲು ಊಟ ಹಾಕಿ, ಹೊಸದಕ್ಕೆ ಆಮೇಲೆ. ಕೈ ತೊಳೆಯಿರಿ. ಬಟ್ಟಲು ಅದಲು ಬದಲು ಆಗದಿರಲಿ.

ನಮ್ಮ ಕಡೆ ದನ, ಎಮ್ಮೆ, ಆಡು, ನಾಯಿ ನೋಡುವ ಡಾಕ್ಟರು ಸಿಗುತ್ತಾರೆ. ಗ್ಲೈಡರ್ ನೋಡಿದವರು ಅಪರೂಪ. ಆದರೆ ಹಿಕ್ಕೆ ಪರೀಕ್ಷೆಗೆ ಗ್ಲೈಡರ್ ತಜ್ಞರೇ ಬೇಕಿಲ್ಲ. ಹೊಸ ಹಿಕ್ಕೆ ಮತ್ತು ಮೈಕ್ರೋಸ್ಕೋಪ್ ಇದ್ದರೆ ನಾಯಿ ನೋಡುವ ಡಾಕ್ಟರೂ ಮಾಡಿಕೊಡುತ್ತಾರೆ. ಅದಕ್ಕಿಂತ ದೊಡ್ಡ ಪ್ರಶ್ನೆ ಬಂದರೆ ಬೀದರ್ ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಅಲ್ಲಿ, ನಂದಿನಗರದಲ್ಲಿ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಆದ ಮೇಲೆ ಹೋಗಿ ಬರುವುದೂ ಸಲೀಸು. ರೈಲಿನಲ್ಲಿ ಜೋಳಿಗೆಯನ್ನು ಎದೆಗೆ ಕಟ್ಟಿಕೊಂಡು ಕೂತರೆ ಅದು ದಾರಿಯುದ್ದಕ್ಕೂ ನಿದ್ದೆ ಹೊಡೆಯುತ್ತದೆ. ಹಗಲು ಅದಕ್ಕೆ ರಾತ್ರಿ ತಾನೇ.

ಈ ತಿಂಗಳಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಎರಡನ್ನೂ ತೂಗಿ ಬರೆದಿಡಿ. ಮುಂದೆ ಇದೇ ನಿಮಗೆ ಚಾಡಿ ಹೇಳುವುದು.

ಜೋಳಿಗೆ ಅದಲು ಬದಲು

ತಿಂಗಳಾಯಿತು, ಎರಡೂ ಆರೋಗ್ಯವಾಗಿವೆ. ಈಗ ಎರಡು ಪಂಜರಗಳನ್ನು ಒಂದೇ ಕೋಣೆಗೆ ತನ್ನಿ. ತಾಗಿಸಿ ಇಡಬೇಡಿ. ನಡುವೆ ಒಂದು ಅಡಿ ಬಿಡಿ. ಸರಳಿನ ಸಂದಿಯಿಂದ ಕೈ ಚಾಚಿ ಬೆರಳು ಕಚ್ಚಿಕೊಂಡ ಕಥೆಗಳು ಬೇಕಾದಷ್ಟಿವೆ.

ಇನ್ನು ವಾಸನೆಯ ಕೆಲಸ. ಇವು ಮಲಗಲು ಫ್ಲೀಸ್ ಬಟ್ಟೆಯ ಜೋಳಿಗೆ ಕಟ್ಟಿರುತ್ತೀರಲ್ಲ, ದಿನಾ ಸಂಜೆ ಅದನ್ನು ಅದಲು ಬದಲು ಮಾಡಿ. ಬೆಲ್ಲ ಮಲಗಿದ್ದು ಶೇಂಗಾಳಿಗೆ, ಶೇಂಗಾಳದ್ದು ಬೆಲ್ಲಕ್ಕೆ. ಒಗೆಯಬೇಡಿ. ಒಗೆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಯಿತು. ಮೊದಲ ದಿನ ಬೆಲ್ಲ ಆ ಜೋಳಿಗೆಯೊಳಗೆ ತಲೆ ಹಾಕಿ ಮಿಕ್ಸಿಯಲ್ಲಿ ಚಟ್ನಿ ಪುಡಿ ಹಾಕಿ ತಿರುವಿದ ಹಾಗೆ ಸದ್ದು ಮಾಡಿತು. ಇದಕ್ಕೆ ಕ್ರ್ಯಾಬಿಂಗ್ ಅನ್ನುತ್ತಾರೆ. ಹೆದರಿಕೆಯ ಸದ್ದು. ರಾತ್ರಿಯೆಲ್ಲ ಜೋಳಿಗೆ ಬಿಟ್ಟು ಪಂಜರದ ಮೂಲೆಯಲ್ಲಿ ಮಲಗಿತು. ಅವ್ವ ಬಂದು ಎರಡೂ ಜೋಳಿಗೆ ಮೂಸಿ ನೋಡಿ "ಇದರ ವಾಸನಿನೇ ಬ್ಯಾರೆ ಅದ" ಅಂದಳು. ಅವಳ ಮೂಗೂ ಸಾಮಾನ್ಯದ್ದಲ್ಲ.

ಐದನೇ ದಿನ ಸದ್ದಿಲ್ಲದೆ ಒಳಗೆ ಹೋಯಿತು. ಒಂಬತ್ತನೇ ದಿನ ಅದರಲ್ಲೇ ಮಲಗಿತು. ಈ ದಿನಗಳ ಲೆಕ್ಕ ನಿಮ್ಮ ಪ್ರಾಣಿಗೆ ಹೊಂದಲೇಬೇಕು ಅಂತಿಲ್ಲ. ಕೆಲವಕ್ಕೆ ವಾರ ಸಾಕು, ಕೆಲವಕ್ಕೆ ಎರಡು ತಿಂಗಳು. ನೋಡಬೇಕಾದದ್ದು ಕ್ಯಾಲೆಂಡರನ್ನಲ್ಲ, ಇನ್ನೊಂದರ ಜೋಳಿಗೆಯಲ್ಲಿ ಅದು ನಿಶ್ಚಿಂತೆಯಿಂದ ಮಲಗುತ್ತದೆಯೇ ಅನ್ನುವುದನ್ನು. ಮಲಗಿದರೆ ಅರ್ಧ ಮದುವೆ ಆದ ಹಾಗೆ.

ಆಮೇಲೆ ಪಂಜರವನ್ನೇ ಬದಲಿಸಬಹುದು. ಒಂದು ರಾತ್ರಿ ಇದು ಅದರ ಪಂಜರದಲ್ಲಿ, ಅದು ಇದರ ಪಂಜರದಲ್ಲಿ. ನನಗೆ ಇದು ಬಹಳ ಉಪಯೋಗಕ್ಕೆ ಬಂತು.

ಎರಡರ ಮೈಗೂ ವೆನಿಲ್ಲಾ ಎಸೆನ್ಸ್ ಹಚ್ಚಿದರೆ ಒಂದೇ ವಾಸನೆ ಬಂದು ಬೇಗ ಸೇರುತ್ತವೆ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದು ವಾಸನೆ ಬೆರೆಸುವುದಲ್ಲ, ಮುಚ್ಚುವುದು. ರಾತ್ರಿ ಎರಡು ಗಂಟೆಗೆ ವೆನಿಲ್ಲಾ ಆರಿದಾಗ ನೀವು ಎದ್ದಿರುತ್ತೀರಾ?

ಮುಖಾಮುಖಿ

ಮೊದಲ ಭೇಟಿ ಯಾರ ಮನೆಯಲ್ಲೂ ಆಗಬಾರದು. ಎರಡಕ್ಕೂ ಹೊಸದಾದ ಜಾಗ ಬೇಕು. ಹೊರದೇಶದವರು ಬಾತ್ ಟಬ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಎಲ್ಲಿ ಬಾತ್ ಟಬ್? ನಾನು ಬಳಸಿದ್ದು ಜಿಪ್ ಇರುವ ಮಡಚುವ ಸೊಳ್ಳೆ ಪರದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಅದನ್ನು ಬಿಡಿಸಿಟ್ಟು, ನಾನೂ ಒಳಗೆ ಕೂತೆ. ನೆಲ ತಂಪು, ಜಾಗ ಹೊಸದು, ಓಡಿಹೋಗಲು ದಾರಿಯಿಲ್ಲ. ಬಚ್ಚಲುಮನೆಯನ್ನೂ ಬಳಸಬಹುದು, ಆದರೆ ಬಕೆಟ್ ಖಾಲಿ ಇರಬೇಕು, ಕಮೋಡ್ ಮುಚ್ಚಿರಬೇಕು, ಫಿನಾಯಿಲ್ ವಾಸನೆ ಇರಬಾರದು.

ಸಂಜೆ ಏಳರ ಮೇಲೆ ಮಾಡಿ. ಆಗ ಅವುಗಳಿಗೆ ಎಚ್ಚರ ಇರುತ್ತದೆ. ಒಳಗೆ ಜೋಳಿಗೆ, ಡಬ್ಬಿ ಏನೂ ಇಡಬೇಡಿ. ತನ್ನದು ಅಂತ ಕಾವಲು ಕಾಯಲು ಜಾಗ ಸಿಕ್ಕರೆ ಕಾಯುತ್ತವೆ. ಮೊಸರೋ ಸ್ವಲ್ಪ ಜೇನೋ ಎರಡು ತಟ್ಟೆಯಲ್ಲಿ ದೂರ ದೂರ ಇಡಿ. ಪಕ್ಕದಲ್ಲಿ ದಪ್ಪ ಟವೆಲ್ ಇರಲಿ.

ಏನಾಗುತ್ತದೆ? ಮೊದಲು ಕ್ರ್ಯಾಬಿಂಗ್ ಸದ್ದು. ಹೆದರಬೇಡಿ. ಒಂದು ಇನ್ನೊಂದರ ಹಿಂದೆ ಓಡುತ್ತದೆ. ಮುಂಗಾಲೆತ್ತಿ ಹೊಡೆದ ಹಾಗೆ ಮಾಡುತ್ತದೆ. ಬಾಲದ ಬುಡ ಮೂಸುತ್ತದೆ. ಗಂಡು ಹಣೆ ತಂದು ಉಜ್ಜಲು ನೋಡುತ್ತದೆ, ಹೆಣ್ಣು ಬೈದು ಓಡಿಸುತ್ತದೆ. ಇದೆಲ್ಲ ಮಾತುಕತೆ. ನಮ್ಮಲ್ಲಿ ಬೀಗರು ಮೊದಲ ಸಲ ಕೂತಾಗ ಇರುವ ಬಿಗುವಿನ ಹಾಗೆ.

ಜಗಳಕ್ಕೂ ಮಾತುಕತೆಗೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಸದ್ದಿನಿಂದಲ್ಲ, ಆಕಾರದಿಂದ. ಎರಡು ಪ್ರಾಣಿಗಳಾಗಿ ಕಾಣುವ ತನಕ ಬಿಡಿ. ಹಲ್ಲು ಕಚ್ಚಿ ಹಿಡಿದು, ಒಂದೇ ಉಂಡೆಯಾಗಿ ಉರುಳಿದ ಕ್ಷಣ ಬಿಡಿಸಿ. ಬರಿ ಕೈ ಹಾಕಬೇಡಿ. ನನ್ನ ಹೆಬ್ಬೆರಳೇ ಸಾಕ್ಷಿ. ಮೇಲೆ ಟವೆಲ್ ಹಾಕಿ, ಒಂದನ್ನು ಬಾಚಿಕೊಂಡು ಬೇರೆ ಮಾಡಿ. ಕಣ್ಣು, ಕಿವಿ, ಬಾಲದ ಬುಡ ನೋಡಿ. ಗ್ಲೈಡರ್ ಗಾಯವನ್ನು ತಾನೇ ಕಚ್ಚಿ ದೊಡ್ಡದು ಮಾಡಿಕೊಳ್ಳುತ್ತದೆ, ಹಾಗಾಗಿ ಚಿಕ್ಕ ಗಾಯ ಅಂತ ಬಿಡಬೇಡಿ. ಮತ್ತೆ ಒಂದು ವಾರ ಜೋಳಿಗೆ ಬದಲಿಸುವ ಕೆಲಸಕ್ಕೆ ವಾಪಸ್.

ಮೊದಲ ಭೇಟಿ 15 ನಿಮಿಷ ಸಾಕು. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿ. ನಾಳೆ ಮತ್ತೆ. ನಮ್ಮವು ಆರನೇ ಸಂಜೆ ಒಂದೇ ತಟ್ಟೆಗೆ ಬಾಯಿ ಹಾಕಿದವು. ಹತ್ತನೇ ಸಂಜೆ ಶೇಂಗಾ ಬೆಲ್ಲದ ಕತ್ತು ನೆಕ್ಕಿ ಬಾಚಿತು. ಅದು ಕಣ್ಣು ಮುಚ್ಚಿ ಸುಮ್ನೆ ಕೂತಿತ್ತು. ಕತ್ತಿನ ಹಿಂಭಾಗ ತನಗೆ ಸರಿಯಾಗಿ ಸಿಗದ ಜಾಗ. ವರ್ಷದ ಮೇಲೆ ಅಲ್ಲಿ ಯಾರೂ ಬಾಚಿರಲಿಲ್ಲ.

ಒಂದೇ ಪಂಜರ

ಸೇರಿಸುವ ದಿನ ಪಂಜರವನ್ನು ಪೂರ್ತಿ ತೊಳೆಯಿರಿ. ಇಲ್ಲಿಯ ತನಕ ತೊಳೆಯಬೇಡಿ ಅಂದೆ, ಈಗ ತೊಳೆಯಿರಿ ಅನ್ನುತ್ತಿದ್ದೇನೆ. ಕಾರಣ ಇದೆ. ಹಳೆಯ ಯಜಮಾನನ ಗುರುತು ಅಳಿಸಬೇಕು. ಕೊಂಬೆ, ಹಗ್ಗ, ಬಟ್ಟಲು ಎಲ್ಲದರ ಜಾಗ ಬದಲಿಸಿ. ಎರಡೂ ಮಲಗಿರುವ ಜೋಳಿಗೆಗಳನ್ನು ಮಾತ್ರ ತೊಳೆಯದೆ ಹಾಗೇ ಕಟ್ಟಿ. ಪಂಜರ ಎರಡು ಅಡಿ ಅಗಲ, ಎರಡು ಅಡಿ ಆಳ, ಮೂರು ಅಡಿ ಎತ್ತರಕ್ಕಿಂತ ಚಿಕ್ಕದಿದ್ದರೆ ಎರಡಕ್ಕೆ ಸಾಲದು. ಸರಳುಗಳ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಸಂದಿ ಇರಬಾರದು. ಎರಡು ಊಟದ ಬಟ್ಟಲು, ಎರಡು ನೀರಿನ ಬಾಟ್ಲಿ, ಎರಡು ಜೋಳಿಗೆ. ಜೋಳಿಗೆಗೆ ಎರಡು ಬಾಯಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಕಡೆಯಿಂದ ಅಟ್ಟಿಸಿದರೆ ಇನ್ನೊಂದು ಕಡೆಯಿಂದ ಓಡಬಹುದು.

ಮಾರನೇ ದಿನ ರಜೆ ಇರುವ ರಾತ್ರಿ ಮಾಡಿ. ಮೊದಲ ರಾತ್ರಿ ನೀವು ಅದೇ ಕೋಣೆಯಲ್ಲಿ ಮಲಗಬೇಕು. ಮಲಗುತ್ತೀರಿ ಅಂತ ಸುಮ್ನೆ ಹೇಳಿದೆ.

ಆಮೇಲೆ ತಕ್ಕಡಿ ನೋಡಿ. ಹೊರಗೆ ಜಗಳ ಕಾಣದಿದ್ದರೂ ಒಂದು ಇನ್ನೊಂದನ್ನು ಊಟದಿಂದ ದೂರ ಇಡುತ್ತಿರಬಹುದು. ಎರಡು ವಾರ ಸತತ ತೂಕ ಇಳಿದರೆ ಏನೋ ಸರಿಯಿಲ್ಲ.

ಊಟ ಅಂದಾಗ ನೆನಪಾಯಿತು. ಎರಡಾದ ಮೇಲೆ ಊಟದ ಕಡೆ ಕಣ್ಣು ತಪ್ಪುತ್ತದೆ. ಕಾಡಿನಲ್ಲಿ ಇವು ಮರದ ರಸ, ಹೂವಿನ ಮಕರಂದ, ಹುಳ ಹುಪ್ಪಟೆ, ಮತ್ತೆ ಅಕೇಶಿಯಾ ಮರದ ಅಂಟು ತಿನ್ನುತ್ತವೆ. ನಮ್ಮ ಜಾಲಿಗೆ ಹತ್ತಿರದ ಸಂಬಂಧಿ ಅದು. ನಾವು ಬಾಣಂತಿಗೆ ಅಂಟಿನ ಉಂಡೆ ಕಟ್ಟುತ್ತೇವಲ್ಲ, ಅಂಥದ್ದೇ ಅಂಟು. ಬರೀ ಹಣ್ಣು ಹಾಕಿ ಸಾಕಿದರೆ ಕ್ಯಾಲ್ಸಿಯಂ ಸಾಲದೆ ಹಿಂಗಾಲು ಬಿದ್ದುಹೋಗುತ್ತದೆ. ಕ್ಯಾಲ್ಸಿಯಂ ರಂಜಕದ ಎರಡರಷ್ಟು ಇರಬೇಕು ಅನ್ನುವುದು ಲೆಕ್ಕ. ಹೊಸದು ಬರುವಾಗ ಅದು ತಿನ್ನುತ್ತಿದ್ದುದನ್ನೇ ಒಂದೆರಡು ವಾರ ಹಾಕಿ, ಆಮೇಲೆ ನಿಧಾನಕ್ಕೆ ಬದಲಿಸಿ.

ಯಾವಾಗ ಮಾಡಬೇಕು

ನಾನು ಏಪ್ರಿಲ್‌ನಲ್ಲಿ ತಂದದ್ದು ಎರಡನೇ ತಪ್ಪು. ಇಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದ ಹಾಗೆ ಬಿಸಿಲು ಏರುತ್ತದೆ. ಮೇನಲ್ಲಿ 42 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಈ ಪ್ರಾಣಿಗೆ ಹಿತ ಅನ್ನಿಸುವುದು 24ರಿಂದ 27 ಡಿಗ್ರಿ. ಸೆಕೆ ಜಾಸ್ತಿಯಾದರೆ ತನ್ನ ಮೈಯನ್ನು ನೆಕ್ಕಿ ಒದ್ದೆ ಮಾಡಿಕೊಂಡು ತಂಪಾಗಲು ನೋಡುತ್ತದೆ. ಅಂಥ ಹೊತ್ತಿನಲ್ಲಿ ಹೊಸ ಸಂಬಂಧ ಬೆಳೆಸು ಅಂದರೆ? ಮನುಷ್ಯರೇ ಮೇನಲ್ಲಿ ಸಿಡಿಸಿಡಿ ಅನ್ನುತ್ತೇವೆ. ಕೂಲರ್ ಹಾಕಿದ್ದೆ, ನಡುಮಧ್ಯಾಹ್ನ ಕರೆಂಟ್ ಹೋಯಿತೆಂದರೆ ಪಂಜರದ ಮೇಲೆ ಒದ್ದೆ ಬಟ್ಟೆ ಹೊದಿಸಿ ನೆಲಕ್ಕೆ ಇಳಿಸುವುದೇ ನನ್ನ ಕೆಲಸವಾಗಿತ್ತು.

ಅಕ್ಟೋಬರ್, ನವೆಂಬರ್ ಒಳ್ಳೆಯದು. ದೀಪಾವಳಿಯ ಪಟಾಕಿ ವಾರ ಮಾತ್ರ ಬಿಟ್ಟುಬಿಡಿ. ಡಿಸೆಂಬರ್ ಬೇರೆ ಥರದ ತೊಂದರೆ ತರುತ್ತದೆ, ಅದರಲ್ಲೂ ಬೀದರ್ ಕಡೆಯವರಿಗೆ. ಚಳಿ ಮತ್ತು ಹಸಿವು ಸೇರಿದರೆ ಗ್ಲೈಡರ್ ಮೈ ತಣ್ಣಗೆ ಮಾಡಿಕೊಂಡು ಅಲ್ಲಾಡದೆ ಬಿದ್ದುಕೊಳ್ಳುತ್ತದೆ. ಸತ್ತೇ ಹೋಯಿತು ಅಂತ ಅತ್ತವರಿದ್ದಾರೆ. ಅಂಗಿಯೊಳಗೆ ಮೈಗೆ ಒತ್ತಿಕೊಂಡು ನಿಧಾನಕ್ಕೆ ಬೆಚ್ಚಗೆ ಮಾಡಿ, ಡಾಕ್ಟರಿಗೆ ಫೋನ್ ಮಾಡಿ. ಹೀಟರ್ ಮುಂದೆ ಹಿಡಿಯಬೇಡಿ.

ಸೇರದೇ ಹೋದರೆ

ಹಾಗೂ ಆಗುತ್ತದೆ. ಎರಡು ಮೂರು ತಿಂಗಳು ಎಲ್ಲ ಸರಿಯಾಗಿ ಮಾಡಿದರೂ ಕೆಲವು ಜೋಡಿ ಒಂದಾಗುವುದಿಲ್ಲ. ಆಗ ಹಠ ಬೇಡ. ಎರಡು ಪಂಜರ, ಅಕ್ಕಪಕ್ಕ, ನಡುವೆ ಒಂದು ಅಡಿ. ಮುಟ್ಟಲು ಸಿಗದಿದ್ದರೂ ಕೂಗಿದರೆ ಓಗೊಡಲು ಒಂದು ಜೀವ ಇರುತ್ತದೆ. ಒಂಟಿತನಕ್ಕಿಂತ ಅದೇ ಮೇಲು. ಆದರೆ ಎರಡು ಪಂಜರ ತೊಳೆಯುವ ಕೆಲಸ ಹತ್ತು ವರ್ಷ ನಿಮ್ಮದೇ. ತರುವ ಮುಂಚೆ ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಇನ್ನೂ ಒಂದನ್ನೂ ತರದವರು ಇದನ್ನು ಓದುತ್ತಿದ್ದರೆ ನನ್ನ ಮಾತು ಬೇರೆ. ತರಬೇಡಿ. ನಮ್ಮ ಬಿಸಿಲು, ನಮ್ಮ ಕರೆಂಟು, ಡಾಕ್ಟರಿಗಾಗಿ ಹೈದರಾಬಾದ್ ತನಕ ಓಡಾಟ, ಇದೆಲ್ಲ ನೋಡಿದರೆ ಇದು ನಮ್ಮೂರಿನ ಪ್ರಾಣಿಯಲ್ಲ. ತರಲೇಬೇಕು ಅಂತಿದ್ದರೆ ಮೊದಲೇ ಹೊಂದಿಕೊಂಡಿರುವ ಜೋಡಿಯನ್ನು ತನ್ನಿ. ನಾನು ಪಟ್ಟ ಏಳು ತಿಂಗಳ ಪಾಡು ನಿಮಗೆ ತಪ್ಪುತ್ತದೆ.

ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಪಂಜರ ನೋಡಿದರೆ ಒಂದು ಜೋಳಿಗೆ ಖಾಲಿ. ಇನ್ನೊಂದರ ಬಾಯಿಂದ ಎರಡು ಬಾಲ ಜೋತಾಡುತ್ತಿದ್ದವು. ಬೆಲ್ಲದ ಬಾಲದ ಬುಡದಲ್ಲಿ ಕೂದಲು ಬರತೊಡಗಿತ್ತು. ನೆತ್ತಿಯ ಬೋಳೂ ಮುಚ್ಚುತ್ತಾ ಬಂದಿತ್ತು. ಅವ್ವ ಕಸ ಗುಡಿಸಲು ಬಂದವಳು ಜೋಳಿಗೆಗೆ ಮೂಗು ಹಿಡಿದು, ಮುಖ ಕಿವುಚಿಕೊಂಡು, "ಈಗ ನೋಡು, ಎರಡೂ ಒಂದೇ ವಾಸನಿ ಬಡೀತಾವ" ಅಂದಳು.